ಅರವತ್ತಮೂರು ಬೈ ಒಂದು

ತಂತ್ರಾಂಶಕ್ಕೆ ನನ್ನ ಪ್ಯಾಚ್, ಅಂದರೆ ತಿದ್ದುಪಡಿಯ ತೇಪೆ, ಹಚ್ಚಿದಾಗ ಪರದೆಯ ಮೇಲೆ ಒಂದು ಸಾಲು ಮೂಡಿತು. ನೀನು ಹೇಳಿದ ಜಾಗದಲ್ಲಿ ಇದು ಕೂರಲಿಲ್ಲ, ಹದಿನಾಲ್ಕು ಸಾಲು ಕೆಳಗೆ ಅದನ್ನೇ ಹೋಲುವ ಜಾಗ ಸಿಕ್ಕಿತು, ಅಲ್ಲಿ ಕೂರಿಸಿದ್ದೇನೆ ಎಂಬುದು ಅದರ ಅರ್ಥ. ಅದನ್ನು ನಾನು ಓದಿದೆ. ಕಣ್ಣಿಗೆ ಬೀಳಲಿಲ್ಲ ಎಂದು ಹೇಳಿಕೊಳ್ಳುವ ಅವಕಾಶ ನನಗಿಲ್ಲ. ಓದಿ, ಗಡಿಯಾರ ನೋಡಿ, ಮುಂದಿನ ಆಜ್ಞೆ ಒತ್ತಿದೆ.

ಆಗ ಬೆಳಿಗ್ಗೆ ಎಂಟೂ ಹತ್ತು. ಒಂಬತ್ತಕ್ಕೆ ನಾನು ಮಿಲ್ಲಿನಲ್ಲಿರಬೇಕು. ಚಳ್ಳಕೆರೆಯ ಒಂದು ಶೇಂಗಾ ಎಣ್ಣೆ ಮಿಲ್ಲಿನ ಲ್ಯಾಬಿನಲ್ಲಿ ನನ್ನ ಕೆಲಸ. ಎಣ್ಣೆಯ ಆಮ್ಲ, ತೇವ, ಬಣ್ಣ ನೋಡಿ ನಾನು ಸಹಿ ಹಾಕಿದ ಮೇಲೇ ಟ್ಯಾಂಕರ್ ಗೇಟು ದಾಟುವುದು. ಅದು ಹೊಟ್ಟೆಪಾಡು. ದಿನಾ ಅದಕ್ಕೆ ಮುಂಚಿನ ಒಂದೂವರೆ ಗಂಟೆ ನಾನು ಬೇರೆ ಕೆಲಸದವಳು. ಯಾರು ಬೇಕಾದರೂ ಉಚಿತವಾಗಿ ಹಾಕಿಕೊಳ್ಳಬಹುದಾದ ಒಂದು ಕಂಪ್ಯೂಟರ್ ವ್ಯವಸ್ಥೆಯಲ್ಲಿ ಮೂರು ಪ್ಯಾಕೇಜುಗಳ ನಿರ್ವಾಹಕಿ. ತಂತ್ರಾಂಶ ಬರೆಯುವವರು ಬೇರೆ ಎಲ್ಲೋ ಇರುತ್ತಾರೆ. ಅವರು ಬರೆದದ್ದನ್ನು ತಂದು, ನಮ್ಮ ವ್ಯವಸ್ಥೆಗೆ ಹೊಂದಿಸಿ, ಪರೀಕ್ಷಿಸಿ, ಜನರಿಗೆ ತಲುಪಿಸಿ, ಆಮೇಲೆ ಬರುವ ದೂರುಗಳಿಗೆ ಕಿವಿಗೊಡುವುದು ನಿರ್ವಾಹಕರ ಪಾಲಿನದು. ಸಂಬಳವಿಲ್ಲ, ಮೇಲಧಿಕಾರಿಯಿಲ್ಲ. ಪ್ಯಾಕೇಜಿನ ಕಡತದಲ್ಲಿ ನಿರ್ವಾಹಕರ ಹೆಸರಿನ ಎದುರು ನಮ್ಮ ಹೆಸರಿರುತ್ತದೆ, ಅಷ್ಟೇ.

ಆ ಮೂರರಲ್ಲಿ ಒಂದು, ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ. ಹತ್ತಾರು ಭಾಷೆಗಳ ಜೊತೆ ಕನ್ನಡವನ್ನೂ ಓದುತ್ತದೆ. ಮೂಲದವರು ಬರೆದದ್ದರಲ್ಲಿ ಎರಡು ಅಂಕಿಗಳ ನಡುವೆ ಓರೆಗೆರೆ ಬಂದರೆ ಅದನ್ನು ತಾರೀಖೆಂದು ತಿಳಿದು ಏನೇನೋ ಓದುತ್ತಿತ್ತು. ನಮ್ಮ ಕಡೆ ಓರೆಗೆರೆ ಬರುವುದು ಹೊಲದ ಸರ್ವೆ ನಂಬರಿನಲ್ಲಿ. ನಂಬರು, ಓರೆಗೆರೆ, ಹಿಸ್ಸಾ ಅಂದರೆ ಆ ನಂಬರಿನಲ್ಲಿ ಎಷ್ಟನೇ ಪಾಲು ಎಂಬುದು. ಅದನ್ನು ‘ಬೈ’ ಎಂದು ಓದಿಸಲು ನಾಲ್ಕು ವರ್ಷದ ಹಿಂದೆ ಒಂದು ಪ್ಯಾಚ್ ಬರೆದಿದ್ದೆ. ನಾನು ಬರೆದ ಮೊದಲ ಪ್ಯಾಚ್ ಅದು. ಅದರ ಬಗ್ಗೆ ನನಗೆ ಜಂಬವೂ ಇತ್ತು. ಮೂಲದವರ ಹೊಸ ಆವೃತ್ತಿ ಬಂದಾಗಲೆಲ್ಲ ಅದನ್ನು ಮತ್ತೆ ಹಚ್ಚಬೇಕಿತ್ತು. ಈ ಸಲ ಅವರು ಅಂಕಿ ಓದುವ ಭಾಗವನ್ನು ಹಿಂದೆಮುಂದೆ ಮಾಡಿದ್ದರು. ತೇಪೆ ಜಾರಿ ಬೇರೆ ಕಡೆ ಕೂತಿತು.

ನಮ್ಮ ವ್ಯವಸ್ಥೆಯ ಹೊಸ ಆವೃತ್ತಿ ಬಿಡುಗಡೆಯಾಗುವುದರಲ್ಲಿತ್ತು, ಎರಡು ದಿನ ಕಳೆದರೆ ಅದಕ್ಕೆ ಹೊಸದೇನನ್ನೂ ಸೇರಿಸುವಂತಿರಲಿಲ್ಲ. ನನ್ನ ಹತ್ತಿರ ಇದ್ದದ್ದು ಒಂದೇ ಪರೀಕ್ಷೆ, 45/12. ಅದನ್ನು ಕೊಟ್ಟೆ. “ನಲವತ್ತೈದು ಬೈ ಹನ್ನೆರಡು” ಎಂದಿತು. ಸರಿಯಿದೆಯಲ್ಲ ಎಂದು ಕಳಿಸಿಬಿಟ್ಟೆ. ಲ್ಯಾಬಿನಲ್ಲಿ ಒಂದು ಟ್ಯಾಂಕರಿನ ಎಣ್ಣೆಯನ್ನು ಒಂದೇ ಹನಿ ನೋಡಿ ಬಿಟ್ಟಿದ್ದರೆ ಅವತ್ತೇ ನನ್ನನ್ನು ಮನೆಗೆ ಕಳಿಸುತ್ತಿದ್ದರು.

ಬಿಡುಗಡೆಯಾಗಿ ಎರಡು ತಿಂಗಳಿಗೆ ದೂರುಗಳ ಪಟ್ಟಿಗೆ ಕನ್ನಡದಲ್ಲಿ ಒಂದು ಪತ್ರ ಬಂತು. ಅಲ್ಲಿ ಕನ್ನಡ ಕಾಣುವುದೇ ಅಪರೂಪ. ಓದಿ ನಗು ಬಂತು. ಅದು ದೂರಿನ ಹಾಗಿರಲಿಲ್ಲ, ಅರ್ಜಿಯ ಹಾಗಿತ್ತು. “ಮಾನ್ಯರೇ, ವಿಷಯ: ಹಿಸ್ಸಾ ನಂಬರನ್ನು ಗಣಕಯಂತ್ರವು ತಪ್ಪಾಗಿ ಓದುತ್ತಿರುವ ಬಗ್ಗೆ. ಈ ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ನಾನು ದೃಷ್ಟಿ ಇಲ್ಲದವನಾಗಿದ್ದು, ಅರ್ಜಿ ಬರೆದು ಜೀವನ ಸಾಗಿಸುತ್ತಿದ್ದು...” ಹೀಗೆ ಸಾಗಿ, ದಯಮಾಡಿ ಸರಿಪಡಿಸಿಕೊಡಬೇಕು, ಇತಿ ತಮ್ಮ ವಿಶ್ವಾಸಿ ಎಂದು ಮುಗಿದಿತ್ತು. ಯಾವ ನಂಬರು, ಹೇಗೆ ತಪ್ಪು ಎಂಬುದಿರಲಿಲ್ಲ.

ನಾನು ಮತ್ತೆ 45/12 ಓದಿಸಿದೆ. ಸರಿಯಾಗಿಯೇ ಓದಿತು. ಎಲ್ಲರಿಗೂ ಕಳಿಸುವ ಸಿದ್ಧ ಉತ್ತರವನ್ನೇ ಅವರಿಗೂ ಕಳಿಸಿದೆ: ನಿಮ್ಮ ಆವೃತ್ತಿ ಯಾವುದು, ಯಾವ ಬರಹ, ಏನು ಕೇಳಿಸಿತು, ತಿಳಿಸಿ. ದೂರಿನ ಪಕ್ಕ ‘ಸಣ್ಣದು’ ಎಂದು ಗುರುತು ಹಾಕಿದೆ. ಒಂದು ತಿಂಗಳು ಕಾದೆ. ಉತ್ತರ ಬರಲಿಲ್ಲ. ಒಂದು ಬೆಳಿಗ್ಗೆ ಹಳೆಯ ದೂರುಗಳನ್ನೆಲ್ಲ ಗುಡಿಸುತ್ತ ಅದನ್ನೂ ಮುಚ್ಚಿದೆ. ಮುಚ್ಚಿದ ಕೂಡಲೇ ದೂರು ಕೊಟ್ಟವರಿಗೆ ತಾನಾಗಿ ಒಂದು ಪತ್ರ ಹೋಗುತ್ತದೆ. ಅದರ ಕನ್ನಡ ರೂಪ ಮಾಡಿದವಳೂ ನಾನೇ, ವರ್ಷಗಳ ಹಿಂದೆ, ಒಂದೇ ಸಲಕ್ಕೆ ಕೂತು. “ನೀವು ತಿಳಿಸಿದ ದೋಷ ಪರಿಹಾರವಾಗಿದೆ” ಎಂದಿತ್ತು ಅದರಲ್ಲಿ. ‘ಮುಚ್ಚಲಾಗಿದೆ’ ಎನ್ನುವುದು ಒರಟಾಗಿ ಕಂಡು ಹಾಗೆ ಬರೆದಿದ್ದೆ.

ಆ ಪತ್ರಕ್ಕೆ ಉತ್ತರವಾಗಿ ಅವರು ನನಗೇ ನೇರವಾಗಿ ಬರೆದದ್ದು ಸುಮಾರು ಎರಡು ತಿಂಗಳ ನಂತರ. ಈ ಸಲ ಮಾನ್ಯರೇ ಇರಲಿಲ್ಲ, ವಿಷಯವೂ ಇರಲಿಲ್ಲ.

“ಅಮ್ಮಾ, ಪರಿಹಾರವಾಗಿದೆ ಅಂತ ನಿಮ್ಮಿಂದ ಬಂದಿತ್ತು. ಅಲ್ಲಿವರೆಗೂ ನಾನು ಸರ್ವೆ ನಂಬರನ್ನು ಒಂದೊಂದೇ ಅಂಕಿ ಬಿಡಿಸಿ ಕೇಳಿ ಬರೀತಿದ್ದೆ. ನಿಮ್ಮ ಕಾಗದ ಬಂದ ಮೇಲೆ ಬಿಟ್ಟೆ. ಅವತ್ತೇ ಮೊದಲು ಬರೆದ ಅರ್ಜಿ ತಪ್ಪಾಯ್ತು. ಒಬ್ಬ ಹೆಣ್ಣುಮಗಳ ಮನೇಲಿ ಜಗಳ ಆಗಿದೆ. ನಿಮಗೆ ದೋಷ ಹೊರಿಸೋಕೆ ಬರೀತಿಲ್ಲ. ಇನ್ನೂ ಸರಿಯಾಗಿಲ್ಲ ಅಂತ ತಿಳಿಸೋಕೆ ಬರೆದೆ. ಹಿಸ್ಸಾ ಎರಡಿರಲಿ ಏಳಿರಲಿ, ಬೈ ಒಂದು ಅಂತಲೇ ಓದುತ್ತೆ. ಇದನ್ನ ಹಿಂದೆಯೇ ರೆಕಾರ್ಡ್ ಮಾಡಿ ಕಳಿಸಿದ್ದೆ.” ಕೆಳಗೆ ಅವರ ಹೆಸರು, ಮೊಳಕಾಲ್ಮೂರು ಎಂದು ಊರು.

63/2 ಓದಿಸಿದೆ. “ಅರವತ್ತಮೂರು ಬೈ ಒಂದು.” 63/7 ಓದಿಸಿದೆ. “ಅರವತ್ತಮೂರು ಬೈ ಒಂದು.”

ಕಾರಣ ಹುಡುಕಲು ಹತ್ತು ನಿಮಿಷವೂ ಬೇಕಾಗಲಿಲ್ಲ. ನನ್ನ ಪ್ಯಾಚ್ ಜಾರಿ ಕೂತ ಜಾಗದಲ್ಲಿ ತಂತ್ರಾಂಶದ ಕೈಯಲ್ಲಿದ್ದದ್ದು ಹಿಸ್ಸಾದ ಅಂಕಿಯಲ್ಲ, ಅಲ್ಲಿ ಎಷ್ಟು ಅಂಕಿಗಳಿವೆ ಎಂಬ ಎಣಿಕೆ. ಒಂದೇ ಅಂಕಿಯ ಹಿಸ್ಸಾ ಯಾವುದೇ ಇರಲಿ, ಎಣಿಕೆ ಒಂದು, ಆದ್ದರಿಂದ “ಬೈ ಒಂದು”. ಎರಡು ಅಂಕಿ ಇದ್ದರೆ ಓದುವ ದಾರಿಯೇ ಬೇರೆ. ಹಾಗಾಗಿ ನನ್ನ ಹನ್ನೆರಡು ಪ್ರತಿ ಸಲವೂ ಪಾಸಾಗಿತ್ತು. ನಮ್ಮ ಸೀಮೆಯಲ್ಲಿ ಹಿಸ್ಸಾಗಳು ಹೆಚ್ಚಿನವು ಒಂದೇ ಅಂಕಿಯವು. ಅದು ನನಗೆ ಗೊತ್ತಿಲ್ಲದ್ದೇನೂ ಅಲ್ಲ.

ಅವರ ರೆಕಾರ್ಡಿಂಗ್ ಎಲ್ಲಿ ಹೋಯಿತೆಂದು ನೋಡಿದೆ. ದೊಡ್ಡ ಕಡತ ಬಂದರೆ ಪತ್ರವನ್ನು ಒಂದು ಸರದಿಯಲ್ಲಿ ತಡೆದಿಟ್ಟು, ತಂಡದವರು ಯಾರಾದರೂ ನೋಡಿ ಒಳಗೆ ಬಿಡಬೇಕು. ಆ ಸರದಿ ಸದಾ ಜಾಹೀರಾತಿನ ಕಸದಿಂದ ತುಂಬಿರುತ್ತಿತ್ತು. ತಿಂಗಳಿಗೊಮ್ಮೆ ನಾನು ‘ಎಲ್ಲವನ್ನೂ ತೆಗೆ’ ಒತ್ತುತ್ತಿದ್ದೆ. ದಾಖಲೆಯಲ್ಲಿ ಇತ್ತು. ನನ್ನ ಪ್ರಶ್ನೆ ಹೋದ ನಾಲ್ಕನೇ ದಿನಕ್ಕೇ ಅವರ ಉತ್ತರ ಬಂದಿತ್ತು. ತೆಗೆದವರು ಯಾರು ಎಂಬಲ್ಲಿ ನನ್ನ ಹೆಸರು.

ಈ ಕೆಲಸವನ್ನು ನನಗೆ ಕಲಿಸಿದ ಹಿರಿಯ ನಿರ್ವಾಹಕರೊಬ್ಬರಿದ್ದಾರೆ. ಬೇರೆ ದೇಶದವರು, ಮುಖ ನೋಡಿಲ್ಲ, ಆದರೆ ಆರು ವರ್ಷದಿಂದ ನನ್ನ ಪ್ರತಿ ತಪ್ಪನ್ನೂ ತಾಳ್ಮೆಯಿಂದ ತಿದ್ದಿದವರು. ನಡೆದದ್ದನ್ನೆಲ್ಲ ಅವರಿಗೆ ಬರೆದೆ. ಸಂಜೆಯೊಳಗೆ ಉತ್ತರ ಬಂತು. ಪ್ಯಾಚ್ ಸರಿಮಾಡಿ ಮುಂದಿನ ಆವೃತ್ತಿಗೆ ಹಾಕು, ಸಾಕು. ದೂರನ್ನು ‘ಸಣ್ಣದು’ ಎಂದೇ ಇರಲಿ ಬಿಡು. ‘ಗಂಭೀರ’ ಎಂದು ಏರಿಸಿದರೆ ಗಡುವು ಶುರುವಾಗುತ್ತದೆ. ಅಷ್ಟರಲ್ಲಿ ಸರಿಹೋಗದಿದ್ದರೆ ಪ್ಯಾಕೇಜೇ ಮುಂದಿನ ಆವೃತ್ತಿಯಿಂದ ಹೊರಬೀಳುತ್ತದೆ. ಅದರಲ್ಲಿ ಬರೀ ಕನ್ನಡವಿಲ್ಲ ಎಂಬುದು ನೆನಪಿರಲಿ. ನಾವು ಸ್ವಯಂಸೇವಕರು, ನಿನ್ನನ್ನು ನೀನು ಹಿಂಸಿಸಿಕೊಳ್ಳಬೇಡ.

ಕೊನೆಯ ಮಾತು ನನಗೆ ಬೇಕಾಗಿತ್ತು. ಎರಡು ದಿನ ಅದನ್ನೇ ಹಿಡಿದುಕೊಂಡಿದ್ದೆ. ಮೂರನೇ ದಿನ ಮಿಲ್ಲಿಗೆ ರಜೆ ಹೇಳಿ, ಪ್ಯಾಚ್ ಸರಿಮಾಡಿದ ಪ್ಯಾಕೇಜನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಮೊಳಕಾಲ್ಮೂರಿನ ಬಸ್ಸು ಹತ್ತಿದೆ. ದಾರಿಯಲ್ಲಿ ತಳಕು ಎಂಬ ಊರು ದಾಟುವವರೆಗೆ ಏನು ಹೇಳಬೇಕೆಂದು ಮನಸ್ಸಿನಲ್ಲೇ ಹೊಂದಿಸುತ್ತಿದ್ದೆ. ಆಮೇಲೆ ಬಿಟ್ಟುಬಿಟ್ಟೆ.

ತಾಲ್ಲೂಕು ಕಚೇರಿಯ ಎದುರಿನ ಸಾಲಿನಲ್ಲಿ ಒಂದು ಶಟರಿನ ಕೋಣೆ. ಒಳಗೆ ಟೇಬಲ್ಲು, ಹಳೆಯ ಕಂಪ್ಯೂಟರು, ಪ್ರಿಂಟರು. ಅರ್ಜಿ ಬರೆಯುವವರು ಅರವತ್ತರ ಹತ್ತಿರದವರು, ಇಸ್ತ್ರಿ ಮಾಡಿದ ಬಿಳಿ ಅಂಗಿ. ಎದುರಿನ ಬೆಂಚಿನಲ್ಲಿ ಐದಾರು ಜನ ಕಾಯುತ್ತಿದ್ದರು. ಕಂಪ್ಯೂಟರು ಓದುತ್ತಿತ್ತು, ನಾನು ಮನೆಯಲ್ಲಿ ಸಾವಿರ ಸಲ ಕೇಳಿದ ಅದೇ ದನಿ: “ಆರು. ಎಂಟು. ಓರೆಗೆರೆ. ಮೂರು.” ನಂಬರು ಮಾತ್ರವಲ್ಲ, ಹೆಸರನ್ನೂ ಅಕ್ಷರ ಅಕ್ಷರ ಬಿಡಿಸಿ ಕೇಳುತ್ತಿದ್ದರು. ಒಂದು ಪುಟ ಮುಗಿಯಲು ಅರ್ಧ ಗಂಟೆ. ಕಾಯುತ್ತಿದ್ದವರಲ್ಲಿ ಒಬ್ಬ ಎದ್ದು ಹೋದ.

ನಾನು ಯಾರೆಂದು ಹೇಳಿದೆ. ಅವರು ಕೀಲಿಮಣೆಯಿಂದ ಕೈ ತೆಗೆದರು.

“ಚಳ್ಳಕೆರೆಯಿಂದ ಬಂದ್ರಾ? ನಾನು ಎಲ್ಲೋ ಪರದೇಶದಾಗೆ ಇರ್ತೀರಿ ಅಂದ್ಕಂಡಿದ್ದೆ. ಕೂತ್ಕಳ್ರಿ ಅಮ್ಮ.”

“ಸಾರ್, ತಪ್ಪು ನನ್ನದು. ನೀವು ಕಳಿಸಿದ ರೆಕಾರ್ಡಿಂಗು ಬಂದಿತ್ತು. ಕೇಳದೆ ನಾನೇ ತೆಗೆದುಹಾಕಿದೀನಿ.”

ಅವರು “ಬಂದಿತ್ತಾ,” ಎಂದರು. “ನಂಗೆ ಕಳ್ಸಾಕೆ ಬರ್ಲಿಲ್ವೇನೋ ಅಂತ ಇದ್ದೆ ಇಷ್ಟು ದಿನ.”

ಆಮೇಲೆ ಅವರೇ ನಡೆದದ್ದನ್ನು ಹೇಳಿದರು. ನನ್ನ ‘ಪರಿಹಾರವಾಗಿದೆ’ ಬಂದ ಬೆಳಿಗ್ಗೆ ಆಂಧ್ರದ ಗಡಿ ಹತ್ತಿರದ ಒಂದು ಹಟ್ಟಿಯಿಂದ ಹೆಂಗಸೊಬ್ಬರು ಬಂದರು. ಗಂಡ ಇಲ್ಲ, ಕುರಿ ಸಾಕುವವರು, ಓದು ಬರದು. ತಮ್ಮ ಹೊಲ ಅಳತೆ ಮಾಡಿಸಿ ಗಡಿ ಗುರುತಿಸಲು ಹದ್ದುಬಸ್ತಿನ ಅರ್ಜಿ ಬೇಕಿತ್ತು. ಸರ್ವೆ ನಂಬರು ಅರವತ್ತಮೂರು, ಹಿಸ್ಸಾ ಒಂದು. ಅವರ ಮೈದುನನ ಹೊಲ ಪಕ್ಕದ್ದೇ, ಹಿಸ್ಸಾ ಎರಡು. ಹಿಂದಿನ ವರ್ಷ ಮೈದುನನೂ ಬೇರೆ ಯಾವುದಕ್ಕೋ ಇವರ ಹತ್ತಿರವೇ ಅರ್ಜಿ ಬರೆಸಿದ್ದ. ಊರು, ಹೋಬಳಿ ಎಲ್ಲ ಒಂದೇ ಎಂದು ಇವರು ಆ ಹಳೆಯ ಕಡತವನ್ನೇ ತೆರೆದು ಹೆಸರು, ವಿಷಯ ಬದಲಿಸಿದರು. ನಂಬರಿಗೆ ಬಂದಾಗ ಕಂಪ್ಯೂಟರು “ಅರವತ್ತಮೂರು ಬೈ ಒಂದು” ಎಂದಿತು.

“ನಂಗೆ ಬೇಕಾಗಿದ್ದೂ ಅದೇ ಅಲ್ವಾ? ಮೈದುನಂದೂ ಹಿಸ್ಸಾ ಒಂದೇ ಇರಬೇಕು ಅಂದ್ಕಂಡು ಮುಟ್ಟದೇ ಬಿಟ್ಟೆ. ಪ್ರಿಂಟಾಗಿ ಹೋಗಿದ್ದು ಬೈ ಎರಡು.”

ಅರ್ಜಿಯಲ್ಲಿ ಇದ್ದಂತೆ ನೋಟಿಸು ಹೋಯಿತು. ಅಳತೆಗೆ ಬಂದವರು ಮೈದುನನ ಹೊಲದಲ್ಲಿ ನಿಂತರು. ಅತ್ತಿಗೆ ತನ್ನ ಹೊಲವನ್ನೇ ಅಳೆಸಲು ಹಾಕಿದ್ದಾಳೆ ಎಂದು ಅವನು ಹಟ್ಟಿಯವರ ಮುಂದೆ ಕೂಗಾಡಿದ. ಅಳತೆ ನಿಂತಿತು. ಕುರಿಗಳು ಮೊದಲಿಂದಲೂ ಕುಡಿಯುತ್ತಿದ್ದುದು ಅವನ ಬೋರಿನ ತೊಟ್ಟಿಯಲ್ಲಿ. ಅಂದಿನಿಂದ ಅದನ್ನೂ ತಡೆದ.

“ಈಗ ಆಯಮ್ಮ ದಿನಾ ಕುರಿ ಹೊಡ್ಕಂಡು ದೂರದ ಕಟ್ಟೆಗೆ ಹೋಗ್ತಾಳೆ. ಈ ಬಿಸ್ಲಾಗೆ. ಎರಡು ಮರಿ ಹೋದವಂತೆ. ನೀರಿಲ್ದೆ ಹೋದ್ವೋ, ಬ್ಯಾನೆಗೆ ಹೋದ್ವೋ, ಯಾರು ಕಂಡವ್ರೆ.” ಮತ್ತೆ, “ಅರ್ಜಿ ಬರೆದೋನು ನಾನು. ಬಯ್ಯೋದಾದ್ರೆ ನನ್ನ ಬಯ್ಯಬೇಕು,” ಎಂದರು.

ನಾನು ಪೆನ್‌ಡ್ರೈವ್ ತೆಗೆದೆ. ಸರಿಮಾಡಿದ್ದನ್ನು ತಂದಿದ್ದೇನೆ, ಐದು ನಿಮಿಷ ಸಾಕು, ಹಾಕಿಕೊಡುತ್ತೇನೆ ಎಂದೆ. ಅವರು ಬೇಡವೆನ್ನಬಹುದು ಎಂದು ನನಗೆ ಹೊಳೆದೇ ಇರಲಿಲ್ಲ.

“ಇದು ನಂಗೊಬ್ಬನಿಗೇನಾ?”

“ಸದ್ಯಕ್ಕೆ. ಎಲ್ಲರಿಗೂ ಮುಂದಿನ ಆವೃತ್ತಿಯಲ್ಲಿ ಬರುತ್ತೆ.”

“ಯಾವಾಗ ಅದು?”

“ಒಂದು ವರ್ಷ ಆಗಬಹುದು.”

“ಹಂಗಾದ್ರೆ ಬ್ಯಾಡ್ರಿ. ನಾನು ಒಂದೊಂದೇ ಅಕ್ಷರ ಕೇಳ್ಕಂಡು ಹೆಂಗೋ ಮಾಡ್ತೀನಿ, ನಂಗೆ ಗೊತ್ತಾಗೈತೆ. ಗೊತ್ತಿಲ್ದೋರು ನನ್ನಂಗೆ ಇನ್ನೆಷ್ಟು ಜನ ಅವರೋ. ಎಲ್ಲಾರಿಗೂ ಬರೋ ದಾರೀಲೇ ಬರ್ಲಿ, ನಂಗೂ ಆಗ್ಲೇ ಬರ್ಲಿ.”

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಬೆಂಚಿನಲ್ಲಿ ಮುಂದಿನವರನ್ನು ಕರೆದರು. ನಾನು ಪೆನ್‌ಡ್ರೈವನ್ನು ಬ್ಯಾಗಿಗೆ ಹಾಕಿಕೊಂಡೆ. ಹಿರಿಯರ ಮಾತನ್ನು ಹಿಡಿದುಕೊಂಡು ಎರಡು ದಿನ ನಾನು ಮಾಡಿದ್ದೇನು ಎಂಬುದು ಆಗ ಸ್ಪಷ್ಟವಾಯಿತು. ಒಬ್ಬರಿಗೆ ಕೈಯಾರೆ ಸರಿಮಾಡಿಕೊಟ್ಟು, ಅವರು ಸಮಾಧಾನವಾದರೆ, ವಿಷಯವನ್ನು ಅಲ್ಲಿಗೇ ಮುಗಿಸಲು ಹೊರಟಿದ್ದೆ. ತಪ್ಪು ಒಪ್ಪಿಕೊಳ್ಳುವುದಕ್ಕೂ ಮುಚ್ಚಿಕೊಳ್ಳುವುದಕ್ಕೂ ನಡುವೆ ಒಂದು ಜಾಗ ಹುಡುಕಿಕೊಂಡಿದ್ದೆ.

ಮರುದಿನ ಬೆಳಿಗ್ಗೆ ದೂರನ್ನು ಮತ್ತೆ ತೆರೆದೆ. ‘ಸಣ್ಣದು’ ಅಳಿಸಿ ‘ಗಂಭೀರ’ ಎಂದು ಬರೆದೆ. ಕಾರಣವನ್ನು ಎಲ್ಲರಿಗೂ ಕಾಣುವಂತೆ ಬರೆದೆ: ಪ್ಯಾಚ್ ಜಾರಿದ ಎಚ್ಚರಿಕೆ ನಿರ್ವಾಹಕಿಗೆ ಕಂಡಿತ್ತು, ಅವಳು ನೋಡಿ ಮುಂದುವರಿದಳು, ದೂರುದಾರರ ಉತ್ತರ ಬಂದಿತ್ತು, ಅವಳು ಓದದೆ ತೆಗೆದಳು, ದೋಷ ಇರುವಾಗಲೇ ಇಲ್ಲವೆಂದು ಅವರಿಗೆ ತಿಳಿಸಿದಳು. ಅದೇ ದಿನ ಕನ್ನಡ ದನಿ ಬಳಸುವವರ ಪಟ್ಟಿಗೆ ಬೇರೆ ಪತ್ರ ಬರೆದೆ. ಬಿಡುಗಡೆಯಾದ ದಿನದಿಂದ ಈಚೆಗೆ ಓರೆಗೆರೆಯಿರುವ ನಂಬರು ಬರೆದ ಕಾಗದಗಳನ್ನು ಇನ್ನೊಬ್ಬರಿಂದ ಓದಿಸಿ ನೋಡಿ ಎಂದು. ದೂರು ಮುಚ್ಚಿದಾಗ ತಾನಾಗಿ ಹೋಗುವ ಪತ್ರದ ಕನ್ನಡವನ್ನೂ ತಿದ್ದಿದೆ. ಈಗ ಅದು “ಮುಚ್ಚಲಾಗಿದೆ, ಸರಿಹೋಗಿದೆ ಎಂದು ಅರ್ಥವಲ್ಲ” ಎನ್ನುತ್ತದೆ.

ಹಿರಿಯರು ಒಂದೇ ಸಾಲು ಬರೆದರು: “ಸರಿ. ಹಾಗಾದರೆ ಗಡುವಿನೊಳಗೆ ಮುಗಿಸೋಣ.”

ಈ ಸಲ ಪರೀಕ್ಷೆಗೆ ಒಂದು ನಂಬರಲ್ಲ, ಒಂದರಿಂದ ಒಂಬತ್ತರವರೆಗಿನ ಎಲ್ಲ ಹಿಸ್ಸಾ, ಎರಡಂಕಿಯವು, ಅಕ್ಷರ ಅಂಟಿದವು, ಕನ್ನಡ ಅಂಕಿಯಲ್ಲಿ ಬರೆದವು, ಎಲ್ಲವನ್ನೂ ಸೇರಿಸಿದೆ. ಪ್ಯಾಕೇಜು ಕಟ್ಟುವಾಗಲೆಲ್ಲ ಅವು ತಾವಾಗಿ ನಡೆಯಬೇಕು, ಒಂದು ತಪ್ಪಿದರೂ ಕಟ್ಟುವುದು ನಿಲ್ಲಬೇಕು. ನನ್ನ ಯಂತ್ರದಲ್ಲಿ ಎಲ್ಲ ಪಾಸಾದವು. ಕಳಿಸಿದೆ. ಮಿಲ್ಲಿನಲ್ಲಿ ಮಧ್ಯಾಹ್ನ ಊಟದ ಹೊತ್ತಿಗೆ ಮೊಬೈಲು ನೋಡಿದರೆ, ಪ್ಯಾಕೇಜು ಕಟ್ಟುವ ಯಂತ್ರಗಳಲ್ಲಿ ಒಂದರಲ್ಲೂ ಅದು ಕಟ್ಟಿಕೊಂಡಿರಲಿಲ್ಲ. ಹಿಂದೆ ಬರೀ ಕನ್ನಡ ತಪ್ಪು ಓದುತ್ತಿತ್ತು. ಈಗ ಯಾವ ಭಾಷೆಗೂ ಹೊಸ ಪ್ಯಾಕೇಜೇ ಇಲ್ಲ. ಗಡುವಿನ ಎಣಿಕೆ ಮಾತ್ರ ಇಳಿಯುತ್ತಿತ್ತು.

ನಾಲ್ಕು ಬೆಳಿಗ್ಗೆ ಅದಕ್ಕೇ ಹೋದವು. ಪ್ಯಾಚನ್ನು ಹತ್ತು ಸಲ ಓದಿದೆ, ಅದರಲ್ಲಿ ತಪ್ಪಿರಲಿಲ್ಲ. ಬೇರೆ ಪ್ಯಾಕೇಜೊಂದರ ನಿರ್ವಾಹಕ, ನನಗೆ ಪರಿಚಯವಿಲ್ಲದವರು, ದೂರಿನ ಕೆಳಗೆ ಒಂದು ಮಾತು ಬರೆದರು. ಕಟ್ಟುವ ಯಂತ್ರಗಳಿಗೆ ಇಂಗ್ಲಿಷ್ ಅಕ್ಷರ ಬಿಟ್ಟು ಬೇರೆ ಗೊತ್ತಿರುವುದಿಲ್ಲ, ಹೇಳಿಕೊಡಬೇಕು. ನಿಮ್ಮ ಪರೀಕ್ಷೆಯ ಕನ್ನಡ ಅಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆಗಳಾಗಿದೆ, ನೋಡಿ. ಹೌದು. ಒಂದು ಸಾಲು ಸೇರಿಸಿದೆ. ಎಲ್ಲ ಯಂತ್ರಗಳಲ್ಲೂ ಕಟ್ಟಿತು. ಆಗಲೇ ಜನರ ಕೈಯಲ್ಲಿದ್ದ ಆವೃತ್ತಿಗೂ ಇದನ್ನು ಕಳಿಸಲು ಬಿಡುಗಡೆ ತಂಡದ ಒಪ್ಪಿಗೆ ಬೇಕಿತ್ತು. ಅವರು ಎರಡು ಪ್ರಶ್ನೆ ಕೇಳಿದರು, ಬದಲಾವಣೆಯನ್ನು ಸಾಲು ಸಾಲಾಗಿ ತೋರಿಸಿದೆ, ಒಪ್ಪಿದರು. ಗಡುವಿಗೆ ಮೂರು ದಿನ ಉಳಿದಿತ್ತು.

ಬಳಕೆದಾರರ ಪಟ್ಟಿಗೆ ಬರೆದದ್ದಕ್ಕೆ ಇಬ್ಬರು ಉತ್ತರಿಸಿದ್ದರು. ಒಬ್ಬರ ಕಾಗದಗಳೆಲ್ಲ ಸರಿಯಿದ್ದವು. ಇನ್ನೊಬ್ಬರದು ಒಂದು ತಪ್ಪಿತ್ತು, ಇನ್ನೂ ಕೊಟ್ಟಿರಲಿಲ್ಲ. ಉತ್ತರ ಬರೆಯದವರು ಎಷ್ಟು ಜನ ಎಂಬುದು ನನಗೆ ಗೊತ್ತಿಲ್ಲ. ಗೊತ್ತಾಗುವ ದಾರಿಯೂ ಇಲ್ಲ.

ಅಪ್‌ಡೇಟು ಮೊಳಕಾಲ್ಮೂರಿಗೂ ತಲುಪಿದ ಮೇಲೆ ಅರ್ಜಿ ಬರೆಯುವವರೇ ಫೋನು ಮಾಡಿದರು. “ಬೈ ಎರಡು ಅಂತೈತೆ ಅಮ್ಮ. ಏಳೂ ಅಂತೈತೆ.” ಹಟ್ಟಿಗೆ ಹೋಗೋಣವೇ ಎಂದು ಕೇಳಿದೆ. ಅವರು ಹೂಂ ಎಂದರು.

ಆಟೋದಲ್ಲಿ ಹೋದೆವು. ಹೊಸ ಆವೃತ್ತಿಯಿದ್ದ ನನ್ನ ಲ್ಯಾಪ್‌ಟಾಪಿನಲ್ಲಿ ಹಳೆಯದನ್ನೂ ಬೇಕೆಂದೇ ಬೇರೆಯಾಗಿ ಇಟ್ಟುಕೊಂಡಿದ್ದೆ. ಮೈದುನ ಬೋರಿನ ಹತ್ತಿರವೇ ಇದ್ದ, ನಲವತ್ತೈದರ ಆಳು, ಹೆಗಲ ಮೇಲೆ ಟವಲು. ಅರ್ಜಿಯವರನ್ನು ಕಂಡು ಮುಖ ಗಂಟಿಕ್ಕಿದ. ಅತ್ತಿಗೆಗೂ ಹೇಳಿ ಕಳಿಸಿದ್ದೆವು. ಅವರು ಕುರಿಗಳನ್ನು ಜಾಲಿಗಿಡಗಳ ಆಚೆಯೇ ನಿಲ್ಲಿಸಿ, ಕೋಲು ಊರಿಕೊಂಡು ದೂರದಲ್ಲೇ ನಿಂತರು.

ನಾನು ಹೇಳಬೇಕಾದ್ದನ್ನು ಹೇಳಿದೆ. ಅವನು ಕೊನೆವರೆಗೂ ಕೇಳಿದ.

“ನೀವು ಸರ್ಕಾರದೋರಾ?”

“ಅಲ್ಲಣ್ಣ.”

“ಕಂಪ್ನಿಯೋರಾ?”

“ಅಲ್ಲ. ಇದಕ್ಕೆ ಸಂಬಳ ಗಿಂಬಳ ಏನೂ ಇಲ್ಲ. ಸುಮ್ಮನೆ ಮಾಡೋದು.”

“ಮತ್ತೆ ನಿಮಗ್ಯಾಕೆ ಬೇಕಾಗಿತ್ತು ಈ ಉಸಾಬರಿ?”

“ಯಾರೂ ಮಾಡು ಅನ್ನಲಿಲ್ಲ, ನಾನಾಗೇ ತಗೊಂಡಿದ್ದು. ತಗೊಂಡ ಮೇಲೆ ನೋಡ್ಕೋಬೇಕಿತ್ತು. ನೋಡ್ಕೊಳ್ಳಲಿಲ್ಲ.”

ಅವನು ನಂಬಲಿಲ್ಲ. “ಮಿಷನ್ನು ಅಂಕಿ ನುಂಗ್ತು ಅಂದ್ರೆ ಯಾರು ನಂಬ್ತಾರೆ? ವದಿನ ಹೇಳ್ಕೊಟ್ಟು ಕಳ್ಸೌಳೆ,” ಎಂದ. ಅತ್ತಿಗೆಯನ್ನು ಅಲ್ಲಿಯವರ ತೆಲುಗಿನಲ್ಲಿ ವದಿನ ಎಂದೇ ಕರೆಯುತ್ತಾರೆ. ನಾನು ಲ್ಯಾಪ್‌ಟಾಪು ತೊಟ್ಟಿಯ ಕಟ್ಟೆಯ ಮೇಲಿಟ್ಟೆ. ಹಳೆಯದನ್ನು ತೆರೆದು, ನೀವೇ ಒಂದು ನಂಬರು ಹೇಳಿ ಎಂದೆ. ಅವನು ತನ್ನದೇ ಹೇಳಿದ. ಅವನ ಕಣ್ಣೆದುರು 63/2 ಎಂದು ಒತ್ತಿದೆ. “ಅರವತ್ತಮೂರು ಬೈ ಒಂದು” ಎಂದಿತು. ಐದು ಹಾಕಿ ಎಂದ. ಬೈ ಒಂದು. ಒಂಬತ್ತು ಹಾಕಿ ಎಂದ. ಬೈ ಒಂದು. ಈಗ ಹೊಸದರಲ್ಲಿ ಓದಿಸಿದೆ. ಎರಡನ್ನು ಎರಡೆಂದಿತು, ಒಂಬತ್ತನ್ನು ಒಂಬತ್ತೆಂದಿತು.

ಅವನು ಟವಲಿನಿಂದ ಮುಖ ಒರೆಸಿಕೊಂಡ. ಅರ್ಜಿಯವರ ಕಡೆ ತಿರುಗಿದ. “ನಿಮಗೆ ಇದೇ ಕೇಳ್ಸಿದ್ದಾ?”

“ಇದೇ ಕಣಪ್ಪ. ನಂಗೆ ಕಣ್ಣಿದ್ದಿದ್ರೆ ಹಿಂಗಾಗ್ತಿರ್ಲಿಲ್ಲ. ಕಿವಿ ನಂಬಿದ್ದೆ.”

ಅವನು ಹೊಲದ ಬದುವಿನ ಕಡೆ ತಿರುಗಿದ. ಆಮೇಲೆ ಯಾರ ಮುಖವನ್ನೂ ನೋಡದೆ, “ಕುಡಿಸ್ಕಳ್ಲಿ ಬಿಡ್ರಿ,” ಎಂದು ಹೋಗಿ ಮೋಟರು ಹಾಕಿದ. ನೀರು ತೊಟ್ಟಿಗೆ ಬಿತ್ತು. ಆ ಸದ್ದಿಗೇ ಕುರಿಗಳು ಜಾಲಿಗಿಡಗಳನ್ನು ದಾಟಿ ಓಡಿಬಂದವು.

ನಾನು ಅತ್ತಿಗೆಯ ಹತ್ತಿರ ಹೋದೆ. ಹೊಸ ಅರ್ಜಿಯನ್ನು ಅರ್ಜಿಯವರೇ ಬರೆದು ತಂದಿದ್ದಾರೆ, ನಾನೂ ಕಣ್ಣಾರೆ ನೋಡಿದ್ದೇನೆ, ಬೈ ಒಂದೇ ಇದೆ ಎಂದೆ. ನನ್ನಿಂದ ಹೀಗಾಯಿತು ಅಕ್ಕಾ ಎಂದೂ ಹೇಳಿದೆ.

“ಇಷ್ಟು ದೂರ ಬಂದು ಹೇಳಿದ್ಯಲ್ಲ ತಾಯಿ, ಒಳ್ಳೇದಾತು,” ಎಂದರು. ಕಾಗದವನ್ನು ಮಡಿಸಿ ಸೆರಗಿನ ತುದಿಗೆ ಕಟ್ಟಿಕೊಂಡರು. “ಹೊಲ ಇವತ್ತಲ್ಲ ನಾಳೆ ಅಳೀತಾರೆ. ಅವತ್ತು ನಾಕು ಜನದ ಮುಂದೆ ನನ್ನ ಕಳ್ಳಿ ಅಂದ್ನಲ್ಲ. ಅದನ್ನ ಎಲ್ಲಿ ತಿದ್ದುಸ್ಲಿ?”

ಅಷ್ಟರಲ್ಲಿ ಮೈದುನನ ಹೆಂಡತಿ ಮನೆಯಿಂದ ಒಂದು ಚೆಂಬು ನೀರು ತಂದು, ಬಿಸಿಲಿಗೆ ಬಂದಿದ್ದೀರಿ ಎಂದು ನಮ್ಮೆಲ್ಲರಿಗೂ ಕೊಟ್ಟಳು. ಅರ್ಜಿಯವರು ಕುಡಿದರು, ನಾನು ಕುಡಿದೆ. ಚೆಂಬು ಅತ್ತಿಗೆಯ ಮುಂದೆ ಬಂದಾಗ ಅವರು ತಲೆಯಾಡಿಸಿ, ಹೆಗಲ ಚೀಲದಿಂದ ತಮ್ಮ ಬಾಟಲಿ ತೆಗೆದರು. ಅದರಲ್ಲಿ ಒಂದೆರಡು ಗುಟುಕು ಉಳಿದಿತ್ತು. ಅಷ್ಟನ್ನೇ ಕುಡಿದು, ತೊಟ್ಟಿಯ ಸುತ್ತ ತಲೆಬಗ್ಗಿಸಿ ನಿಂತ ಕುರಿಗಳನ್ನು ಎಣಿಸತೊಡಗಿದರು.